ಮಕ್ಕಳನ್ನು ಸ್ಕೂಲಿಗೆ ಬಿಡೋ ಗಾಡಿಗೆ ಡೀಸೆಲ್ ಯಾಕೆ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯಿತು ನೋಡಿ, ಅವತ್ತಿಂದ ಉತ್ತರಹಳ್ಳಿಯ ನಮ್ಮ ಅಡ್ಡರಸ್ತೆಯೊಂದರಲ್ಲೇ ಐದು ಹೊಸ ಎಸ್‌ಯುವಿ ಬಂದಿವೆ. ಹೋದ ವಾರ ಪಕ್ಕದ ಮನೆಗೆ ಬಂದ ಗಾಡಿಯ ಬಾನೆಟ್ ಮೇಲಿನ ಸೇವಂತಿಗೆ ಹಾರ ಇನ್ನೂ ಬಾಡಿಲ್ಲ. ಅದು ಡೀಸೆಲ್. ಆ ಮನೆಯವರ ಓಡಾಟ ನನಗೆ ಗೊತ್ತು. ಬೆಳಿಗ್ಗೆ ಮಗುವನ್ನು ಸ್ಕೂಲಿಗೆ ಬಿಡೋದು, ಸಂಜೆ ಟ್ಯೂಷನ್ನು, ಶುಕ್ರವಾರ ಬನಶಂಕರಿ ದೇವಸ್ಥಾನ, ವರ್ಷಕ್ಕೆ ಎರಡು ಸಲ ಊರು, ಅಷ್ಟೆ. ಗಾಡಿ ನೋಡೋಕೆ ಕರೆದಾಗ ಹೋಗಿ ಸಿಹಿ ತಿಂದು ಬಂದೆ, ಮನಸ್ಸಲ್ಲಿದ್ದ ಮಾತು ಬಾಯಿಗೆ ಬರಲಿಲ್ಲ. ತಗೊಂಡ ಮೇಲೆ ಹೇಳಿ ಏನು ಪ್ರಯೋಜನ? ಆದರೆ ಇನ್ನೂ ತಗೊಳ್ಳದೆ, ಡೀಸೆಲ್ಲೋ ಪೆಟ್ರೋಲೋ ಅಂತ ರಾತ್ರಿ ಊಟದ ಹೊತ್ತಲ್ಲಿ ಮನೆಮಂದಿಯೆಲ್ಲ ಚರ್ಚೆ ಮಾಡುತ್ತಿರುವವರು ನಿಮ್ಮ ಓದುಗರಲ್ಲಿ ಎಷ್ಟೋ ಜನ ಇರುತ್ತಾರೆ. ಅವರಿಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾವು 2022ರಲ್ಲಿ ಡೀಸೆಲ್ ಎಸ್‌ಯುವಿ ತಗೊಂಡೆವು. ಕಂಪನಿ ಹೆಸರು ಬರೆಯೋದಿಲ್ಲ, ಗಾಡಿಯಲ್ಲಿ ದೋಷ ಇಲ್ಲ. ನಮ್ಮ ಓಡಾಟಕ್ಕೆ ಅದು ಹೊಂದಲಿಲ್ಲ, ಅದನ್ನು ಮೊದಲೇ ಹೇಳುವವರು ಯಾರೂ ಸಿಗಲಿಲ್ಲ.

ಡೀಸೆಲ್ಲೇ ಆಗಬೇಕು ಅಂದಿದ್ದು ಅಪ್ಪ. ನಮ್ಮೂರು ಸಕಲೇಶಪುರದ ಕಡೆ. ಅಪ್ಪ ಇಪ್ಪತ್ತು ವರ್ಷ ಡೀಸೆಲ್ ಜೀಪ್ ಓಡಿಸಿದವರು. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಆಸ್ಪತ್ರೆಗೆ ಹೋಗೋ ಬಸುರಿ, ಎಲ್ಲಾ ಅದರಲ್ಲೇ. ಮಳೆಗಾಲದ ಕೆಸರಲ್ಲಿ ಪೆಟ್ರೋಲ್ ಕಾರುಗಳು ಚಕ್ರ ತಿರುಗಿಸುತ್ತಾ ನಿಂತಿದ್ದಾಗ ನಮ್ಮ ಜೀಪ್ ಮೊದಲನೇ ಗೇರಿನಲ್ಲಿ ಮೆಲ್ಲಗೆ ಎದ್ದು ಬರುತ್ತಿತ್ತು. ಅದನ್ನು ಕಣ್ಣಾರೆ ಕಂಡವನು ನಾನು. ಖರ್ಚಿನ ಲೆಕ್ಕದಲ್ಲೂ ಆಗ ಅಪ್ಪನ ಮಾತೇ ಸರಿ. 2012ರ ಮೇ ತಿಂಗಳಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ ಇತ್ತು. ಅಷ್ಟು ಅಂತರ ಇದ್ದಾಗ ಯಾರು ತಾನೇ ಪೆಟ್ರೋಲ್ ಗಾಡಿ ತಗೊಳ್ಳುತ್ತಾರೆ?

ಆಮೇಲೆ ಕಾಲ ಬದಲಾಯಿತು, ನಾವು ಬದಲಾಗಲಿಲ್ಲ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. 2024ರ ಜೂನಿನಲ್ಲಿ ನಮ್ಮ ರಾಜ್ಯದಲ್ಲಿ ಮಾರಾಟ ತೆರಿಗೆ ಏರಿ ಎರಡಕ್ಕೂ ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ತೆರಿಗೆ ಮಾತ್ರ ಶೇ 18.44ರಿಂದ 21.17ಕ್ಕೆ ಹೋಯಿತು, ಮತ್ತೆ ಎರಡು ರೂಪಾಯಿ ಸೇರಿತು. ಅದಾದ ಮೇಲೆ ಬೆಂಗಳೂರಿನ ಬಂಕಿನಲ್ಲಿ ಪೆಟ್ರೋಲ್ 103ರ ಹತ್ತಿರ, ಡೀಸೆಲ್ 91ರ ಹತ್ತಿರ ನಿಂತಿತು. 30 ಇದ್ದ ಅಂತರ 12ಕ್ಕೆ ಬಂತು. ಅಪ್ಪನ ಕಾಲದ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗಿ ಹೋಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ಎಂಜಿನ್ನಿನಲ್ಲೇ ಆಯಿತು. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕೋ ಬಿಎಸ್6 ನಿಯಮ ಬಂತು. ಬಿಎಸ್4ರಿಂದ ನೇರವಾಗಿ 6ಕ್ಕೆ ಹಾರಿದ್ದು, ನಡುವೆ 5 ಇಲ್ಲ. ಆ ನಿಯಮಕ್ಕೆ ಡೀಸೆಲ್ ಎಂಜಿನ್ ಹೊಂದಿಸುವ ಖರ್ಚು ಜಾಸ್ತಿ ಅಂತಲೇ ಮಾರುತಿಯವರು ಅದೇ ಹೊತ್ತಿಗೆ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿದರು. ಉಳಿದ ಕಂಪನಿಗಳ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಒಂದು ಹೊಸ ಫಿಲ್ಟರ್ ಬಂದು ಕೂತಿತು. ಅದಕ್ಕೆ ಡಿಪಿಎಫ್ ಅಂತಾರೆ. ನೋಡೋಕೆ ಸೈಲೆನ್ಸರ್ ಡಬ್ಬಿ ಥರ, ಒಳಗೆ ಜೇನುಗೂಡಿನಂಥ ಪಿಂಗಾಣಿ ಜಾಲರಿ. ಡೀಸೆಲ್ ಉರಿದಾಗ ಬರೋ ಕಪ್ಪು ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿಯೇ ಈಗಿನ ಡೀಸೆಲ್ ಕಾರಿನ ಹಿಂದೆ ಮೊದಲಿನ ಥರ ಕಪ್ಪು ಹೊಗೆ ಕಾಣಿಸೋದಿಲ್ಲ. ಒಳ್ಳೆಯ ಕೆಲಸವೇ.

ಆದರೆ ಹಿಡಿದಿಟ್ಟ ಮಸಿ ಎಲ್ಲಿಗೆ ಹೋಗಬೇಕು? ಅದು ಒಳಗೇ ಉರಿದು ಹೋಗಬೇಕು. ಉರಿಯೋಕೆ ನೂರಾರು ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ಸಮ ಓಡಿದರೆ ಕೊಳವೆ ಕಾದು ಈ ಕೆಲಸ ನಮಗೆ ಗೊತ್ತೇ ಆಗದಂತೆ ನಡೆದುಹೋಗುತ್ತೆ. ನಾಲ್ಕು ಕಿಲೋಮೀಟರ್ ಓಡಿ ಆಫ್ ಮಾಡಿದರೆ ಎಂಜಿನ್ ಕಾಯೋದೇ ಇಲ್ಲ, ಮಸಿ ಮಾತ್ರ ಸೇರುತ್ತಾ ಹೋಗುತ್ತೆ. ಆಗ ಗಾಡಿಯ ಕಂಪ್ಯೂಟರೇ ಕೆಲವು ನೂರು ಕಿಲೋಮೀಟರಿಗೆ ಒಂದು ಸಲ ಸ್ವಲ್ಪ ಡೀಸೆಲ್ ಜಾಸ್ತಿ ಚಿಮ್ಮಿಸಿ, ಶಾಖ ಏರಿಸಿ, ಮಸಿ ಸುಡೋಕೆ ನೋಡುತ್ತೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದ ಓಟ ಬೇಕು. ಬೆಂಗಳೂರಿನಲ್ಲಿ ಸ್ಕೂಲ್ ಟೈಮಲ್ಲಿ ಯಾವ ರಸ್ತೆಯಲ್ಲಿ ಸಿಗುತ್ತೆ ಹೇಳಿ ಅಂಥ ಓಟ?

ನಮ್ಮ ಓಟ ಹೇಗಿತ್ತು ಅಂದರೆ, ಮನೆಯಿಂದ ಮಗಳ ಸ್ಕೂಲು ಪದ್ಮನಾಭನಗರಕ್ಕೆ ನಾಲ್ಕು ಕಿಲೋಮೀಟರ್. ಅಲ್ಲಿ ಎಂಜಿನ್ ಆಫ್. ಅಲ್ಲಿಂದ ನನ್ನ ಹೆಂಡತಿಯ ಆಫೀಸು ಜಯನಗರಕ್ಕೆ ಇನ್ನೊಂದು ನಾಲ್ಕು. ಮತ್ತೆ ಆಫ್. ಸಂಜೆ ಇದೇ ಉಲ್ಟಾ. ಅಂದರೆ ದಿನಕ್ಕೆ ನಾಲ್ಕು ಸಲ ಸ್ಟಾರ್ಟ್, ನಾಲ್ಕು ಸಲ ಆಫ್. ಎರಡು ತಿಂಗಳಿಗೊಮ್ಮೆ ಊರಿಗೆ ಹೋಗಿ ಬಂದರೆ 460 ಕಿಲೋಮೀಟರ್. ಎಲ್ಲಾ ಸೇರಿಸಿ ತಿಂಗಳಿಗೆ ಸರಾಸರಿ 700.

2023ರ ಜೂನ್, ಸ್ಕೂಲ್ ಶುರುವಾಗಿ ಎರಡೋ ಮೂರೋ ವಾರ ಆಗಿರಬೇಕು. ಸಂಜೆ ಗಾಡಿ ತಂದು ನಿಲ್ಲಿಸಿದಾಗ ಹೆಂಡತಿ ಕರೆದು ಹೇಳಿದಳು, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗ್ತಿದೆ, ಏನೋ ಸುಟ್ಟ ವಾಸನೆ ಬರ್ತಿದೆ ಅಂತ. ನಾನು ಕೆಳಗೆ ಬಗ್ಗಿ ನೋಡಿದೆ. ಪ್ಲಾಸ್ಟಿಕ್ ಏನಾದರೂ ಅಂಟಿಕೊಂಡಿದೆಯಾ ಅಂತ ಟಾರ್ಚ್ ಹಿಡಿದು ಹುಡುಕಿದೆ. ಏನೂ ಇರಲಿಲ್ಲ. ಮಸಿ ಸುಡೋ ಕೆಲಸ ಅರ್ಧ ಆಗಿತ್ತು, ನಾವು ನಡುವೆ ಆಫ್ ಮಾಡಿದ್ದೆವು. ಇದು ಆಮೇಲೆ ಗೊತ್ತಾಗಿದ್ದು. ಹೀಗೆ ಎಷ್ಟು ಸಲ ಆಗಿತ್ತೋ. ಇನ್ನೊಂದು ಹತ್ತು ದಿನಕ್ಕೆ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಬಂತು. ಪುಟ್ಟ ಡಬ್ಬಿಯ ಚಿತ್ರ, ಒಳಗೆ ಚುಕ್ಕಿಗಳು. ಅದೇನು ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗಾಡಿ ಓಡುತ್ತಿತ್ತಲ್ಲ, ಭಾನುವಾರ ನೋಡೋಣ ಅಂತ ಬಿಟ್ಟೆವು. ಶುಕ್ರವಾರ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಪಿಕಪ್ಪೇ ಹೋಯಿತು. ಆಕ್ಸಿಲರೇಟರ್ ಒತ್ತಿದರೂ ಏಳದು. ಹಿಂದೆ ಬಸ್ಸು, ಪಕ್ಕದಲ್ಲಿ ಆಟೋ, ಒಳಗೆ ಅಳುತ್ತಾ ಕೂತ ಏಳು ವರ್ಷದ ಮಗಳು. ಹೆಂಡತಿ ಫೋನಿನಲ್ಲಿ ಮಾತಾಡಿದ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸರ್ವಿಸ್ ಸೆಂಟರಿನಲ್ಲಿ ಮೆಕ್ಯಾನಿಕ್ ಹುಡುಗ ಆಯಿಲ್ ಕಡ್ಡಿ ಎಳೆದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದ. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲೆ ಇತ್ತು. ನಾನು ಒಳ್ಳೇದಾಯ್ತು, ಆಯಿಲ್ ಕಮ್ಮಿ ಆಗಿಲ್ಲ ಅಂದುಕೊಂಡೆ. ಅವನು ಕಡ್ಡಿ ನನ್ನ ಮೂಗಿನ ಹತ್ತಿರ ಹಿಡಿದು, "ಮೂಸಿ ನೋಡಿ ಸಾರ್, ಡೀಸೆಲ್ ಸೇರಿಬಿಟ್ಟಿದೆ" ಅಂದ. ನಿಜ, ಬಂಕಿನ ವಾಸನೆಯೇ. ಬೆರಳಲ್ಲಿ ಮುಟ್ಟಿದರೆ ಆಯಿಲ್‌ನ ಜಿಗುಟು ಇಲ್ಲ, ನೀರಾಗಿತ್ತು. ಮಸಿ ಸುಡೋಕೆ ಅಂತ ಚಿಮ್ಮಿಸಿದ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಲ್ಲಿ ಜಾರಿ ಕೆಳಗಿನ ಆಯಿಲ್‌ಗೆ ಸೇರಿದೆ, ಹಾಗೇ ಓಡಿಸುತ್ತಾ ಹೋಗಿದ್ದರೆ ಎಂಜಿನ್ನೇ ಸವೆಯುತ್ತಿತ್ತು ಅಂತ ಬಿಡಿಸಿ ಹೇಳಿದವನು ಆ ಹುಡುಗ. ಲಕ್ಷಾಂತರ ರೂಪಾಯಿ ಕೊಟ್ಟು ಗಾಡಿ ತಗೊಂಡು ಒಂದು ವರ್ಷ ಆದ ಮೇಲೆ, ಆ ಗಾಡಿ ಹೇಗೆ ಕೆಲಸ ಮಾಡುತ್ತೆ ಅಂತ ನಮಗೆ ಮೊದಲ ಸಲ ತಿಳಿದದ್ದು ಅವತ್ತೇ.

ಕಂಪ್ಯೂಟರ್ ಹಾಕಿ ನಿಂತಲ್ಲೇ ಮಸಿ ಸುಟ್ಟರು, ಆಯಿಲ್, ಫಿಲ್ಟರ್ ಎಲ್ಲಾ ಬದಲಾಯಿಸಿದರು. 14 ಸಾವಿರ ಆಯಿತು. ಓಡಿಸೋ ರೀತಿಯಿಂದ ಆಗಿದ್ದು, ವಾರಂಟಿಗೆ ಬರೋದಿಲ್ಲ ಅಂದರು. ಡಿಪಿಎಫ್ಫೇ ಹೋದರೆ ಎಷ್ಟು ಅಂತ ಕೇಳಿದೆ. ಲಕ್ಷ ದಾಟುತ್ತೆ ಸಾರ್ ಅಂದರು.

ಗಾಡಿ ತಗೊಳ್ಳುವಾಗ ಷೋರೂಮಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ತಿಂಗಳಿಗೆ ಎಷ್ಟು ಓಡಿಸ್ತೀರಿ ಅಂತ. ನಾನು ಸಾವಿರ ಆಗಬಹುದು ಅಂದೆ. ಹಾಗಾದ್ರೆ ಡೀಸೆಲ್ ತಗೊಳ್ಳಿ ಸಾರ್, ಕಣ್ಣು ಮುಚ್ಚಿ ತಗೊಳ್ಳಿ ಅಂದರು. ಒಂದು ಸಲ ಸ್ಟಾರ್ಟ್ ಮಾಡಿದರೆ ಎಷ್ಟು ದೂರ ಹೋಗ್ತೀರಿ ಅಂತ ಯಾರೂ ಕೇಳಲಿಲ್ಲ. ನನ್ನ ಈ ಇಡೀ ಪತ್ರ ಆ ಒಂದು ಪ್ರಶ್ನೆಗಾಗಿ.

ಯಾಕೆ ಅಂದರೆ, ನನ್ನ ಹೆಂಡತಿಯ ಅಣ್ಣನ ಹತ್ತಿರವೂ ಇದೇ ಗಾಡಿ ಇದೆ, ಅದೇ ಎಂಜಿನ್ನು. ಅವರು ಇರೋದು ತುಮಕೂರು, ಕೆಲಸ ಪೀಣ್ಯದಲ್ಲಿ. ದಿನಾ ಹೋಗಿ ಬರೋದು ಸುಮಾರು 120 ಕಿಲೋಮೀಟರ್, ಬಹುಪಾಲು ಹೆದ್ದಾರಿ. ಅವರ ಮೀಟರ್ ಲಕ್ಷ ದಾಟಿದೆ. ಆ ಡಿಪಿಎಫ್ ದೀಪ ಯಾವ ಬಣ್ಣ ಅಂತಲೂ ಅವರಿಗೆ ಗೊತ್ತಿಲ್ಲ. ನಮ್ಮ ಕಥೆ ಹೇಳಿದಾಗ ಅವರು ನಂಬಲೇ ಇಲ್ಲ. "ಭಾವ, ಗಾಡಿ ಚೆನ್ನಾಗಿದೆ, ನೀವೇ ಸರಿಯಾಗಿ ಓಡಿಸ್ತಿಲ್ಲ" ಅಂದರು. ಅವರ ಮಟ್ಟಿಗೆ ಅದು ಸತ್ಯ. ಹೊಸೂರಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರುವವರು, ಕೋಲಾರ, ರಾಮನಗರದ ಕಡೆಯಿಂದ ದಿನಾ ಓಡಾಡುವವರು, ಕೆಲಸದ ಮೇಲೆ ಜಿಲ್ಲೆ ಜಿಲ್ಲೆ ಸುತ್ತುವವರು ಇವತ್ತಿಗೂ ಡೀಸೆಲ್ ತಗೊಳ್ಳಲಿ, ನಾನು ಬೇಡ ಅನ್ನೋದಿಲ್ಲ.

ಘಾಟಿಯಲ್ಲಿ ಅಂತೂ ಡೀಸೆಲ್ಲಿನ ಸುಖವೇ ಬೇರೆ. ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಹತ್ತಬೇಕು. ಮುಂದೆ ಮಂಗಳೂರಿಂದ ಬರೋ ಗ್ಯಾಸ್ ಬುಲೆಟ್ ಟ್ಯಾಂಕರ್ ತೆವಳುತ್ತಾ ಹೋಗುತ್ತಿರುತ್ತೆ. ನಮ್ಮ ಗಾಡಿಯಲ್ಲಿ ಅಪ್ಪ, ಅಮ್ಮ, ನಾವು ಮೂವರು, ಅತ್ತೆ, ಡಿಕ್ಕಿ ತುಂಬ ತೆಂಗಿನಕಾಯಿ. ಆ ಭಾರದಲ್ಲೂ ಎರಡನೇ ಗೇರಿನಲ್ಲಿ ಎಂಜಿನ್ ಸುಮ್ನೆ ಗುರುಗುಟ್ಟುತ್ತಾ ಎಳೆಯುತ್ತೆ, ಸಂದು ಸಿಕ್ಕಾಗ ಒತ್ತಿದರೆ ತಕ್ಷಣ ಏಳುತ್ತೆ. ಇದಕ್ಕೆ ಲೆಕ್ಕವೂ ಇದೆ. ಹ್ಯುಂಡೈ ಕ್ರೆಟಾದಲ್ಲಿ 1.5 ಲೀಟರಿನ ಎರಡು ಎಂಜಿನ್ ಬರುತ್ತೆ ನೋಡಿ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಧನ) ಇಲ್ಲದ ಪೆಟ್ರೋಲ್ ಮತ್ತು ಡೀಸೆಲ್. ಎರಡರ ಪವರ್ ಹೆಚ್ಚುಕಮ್ಮಿ ಒಂದೇ, 115ರ ಆಸುಪಾಸು. ಆದರೆ ಎಳೆಯೋ ಶಕ್ತಿ, ಅಂದರೆ ಟಾರ್ಕ್, ಪೆಟ್ರೋಲಿಗೆ 144, ಡೀಸೆಲ್ಲಿಗೆ 250. ಅದೂ ಡೀಸೆಲ್ಲಿಗೆ 1,500 ಆರ್‌ಪಿಎಂನಿಂದಲೇ (ಅಂದರೆ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗಿದಾಗಲೇ) ಸಿಗುತ್ತೆ, ಪೆಟ್ರೋಲ್ 4,500ರವರೆಗೆ ಕೂಗಬೇಕು. ಇನ್ನೊಂದು ವಿಷಯ ಬಹಳ ಜನ ಗಮನಿಸಿರೋದಿಲ್ಲ. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಮಂಗಳೂರಿನಲ್ಲಿ ಓಡಿದಷ್ಟು ಚುರುಕಾಗಿ ಇಲ್ಲಿ ಓಡೋದಿಲ್ಲ. ಟರ್ಬೊ ಇದ್ದರೆ ಆ ಕೊರತೆ ಬಹುಪಾಲು ತುಂಬಿಕೊಳ್ಳುತ್ತೆ. ಹಾಗಾಗಿ ಏಳು ಸೀಟು ತುಂಬಿಸಿಕೊಂಡು ಪದೇ ಪದೇ ಘಾಟಿ ಹತ್ತುವವರು ಪೆಟ್ರೋಲ್ ತಗೊಳ್ಳೋದಾದರೆ ಟರ್ಬೊ ಇರೋದನ್ನೇ ನೋಡಬೇಕು. ಕಾಲು ಭಾರ ಮಾಡಿದರೆ ಅದರ ಮೈಲೇಜ್ ಬೀಳುತ್ತೆ, ಅದೂ ಗೊತ್ತಿರಲಿ.

ಈ ಸುಖ ನಾವು ಎಷ್ಟು ಸಲ ಅನುಭವಿಸುತ್ತೇವೆ? ನಮ್ಮ ಮನೆಯಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ದಿನ. ಉಳಿದಷ್ಟು ದಿನ ಗಾಡಿ ನಿಂತಿರೋದು ಸಿಗ್ನಲ್ಲಿನಲ್ಲಿ.

ಈಗ ದುಡ್ಡಿನ ಮಾತು. ಒಂದೇ ಮಾಡೆಲ್, ಒಂದೇ ದರ್ಜೆಯಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಎಕ್ಸ್ ಷೋರೂಂ ವ್ಯತ್ಯಾಸ ಒಂದೂವರೆ ಲಕ್ಷ ಅಂತ ಇಟ್ಟುಕೊಳ್ಳೋಣ. ಅಲ್ಲಿಗೇ ಮುಗಿಯೋದಿಲ್ಲ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟೈಂ ಟ್ಯಾಕ್ಸ್ ಶೇ 17. ಆ ಒಂದೂವರೆ ಲಕ್ಷಕ್ಕೂ 25,500 ರೂಪಾಯಿ ತೆರಿಗೆ ಬೀಳುತ್ತೆ, ಅದರ ಮೇಲೆ ಸೆಸ್ಸು, ಇನ್ಶೂರೆನ್ಸು. 1 ಲಕ್ಷ 80 ಸಾವಿರ ಅನ್ನಿ. ಇದನ್ನೂ ಸಾಲದಲ್ಲೇ ತಗೊಂಡರೆ, ಶೇ 9ರ ಬಡ್ಡಿಗೆ ಐದು ವರ್ಷಕ್ಕೆ ಇನ್ನೂ 44 ಸಾವಿರ.

ಬೆಂಗಳೂರು ಟ್ರಾಫಿಕ್ಕಿನಲ್ಲಿ ಇಂಥ ಪೆಟ್ರೋಲ್ ಗಾಡಿ ಲೀಟರಿಗೆ ಹತ್ತೂವರೆ ಕಿಲೋಮೀಟರ್ ಕೊಟ್ಟರೆ, ಡೀಸೆಲ್ 14 ಕೊಡುತ್ತೆ ಅಂತ ಇಟ್ಟುಕೊಳ್ಳಿ. ಬ್ರೋಷರಿನ ಮೈಲೇಜ್ ಮರೆತುಬಿಡಿ, ಅದು ಲ್ಯಾಬಿನಲ್ಲಿ ಅಳೆದದ್ದು. ಮೇಲೆ ಹೇಳಿದ 103, 91ರ ಬೆಲೆಯಲ್ಲಿ ಪೆಟ್ರೋಲಿಗೆ ಕಿಲೋಮೀಟರಿಗೆ 9 ರೂಪಾಯಿ 80 ಪೈಸೆ, ಡೀಸೆಲ್ಲಿಗೆ ಆರೂವರೆ. ಉಳಿತಾಯ 3 ರೂಪಾಯಿ 30 ಪೈಸೆ. ಜಾಸ್ತಿ ಕೊಟ್ಟ 1 ಲಕ್ಷ 80 ಸಾವಿರ ವಾಪಸ್ ಬರೋಕೆ 54 ಸಾವಿರ ಕಿಲೋಮೀಟರ್ ಓಡಬೇಕು, ಬಡ್ಡಿ ಸೇರಿದರೆ 68 ಸಾವಿರ ಹತ್ತಿರ. ನಮ್ಮ ಹಾಗೆ ತಿಂಗಳಿಗೆ 700 ಓಡಿಸುವವರಿಗೆ ಅದು ಎಂಟು ವರ್ಷದ ಮಾತು. ನಮ್ಮ ಮೀಟರ್ ಈಗ 31 ಸಾವಿರದಲ್ಲಿದೆ. ನಡುವೆ ಒಂದೇ ಒಂದು ಸಲ ಡಿಪಿಎಫ್ ಕೈ ಕೊಟ್ಟರೆ ಈ ಲೆಕ್ಕವೆಲ್ಲ ನೀರುಪಾಲು. ತಿಂಗಳಿಗೆ 2,500ಕ್ಕೂ ಜಾಸ್ತಿ ಓಡಿಸೋ ಭಾವನಿಗೆ ಮೂರು ವರ್ಷದೊಳಗೆ ವಾಪಸ್ ಬಂತು. ನಿಮ್ಮ ಮನೆಯ ಅಂಕಿ ಹಾಕಿ ನೋಡಿ, ಒಂದು ಚೀಟಿ ಸಾಕು.

ಜಿಎಸ್‌ಟಿಯಲ್ಲೂ ಒಂದು ಸೂಕ್ಷ್ಮ ಇದೆ, ಷೋರೂಮಿಗೆ ಹೋಗೋ ಮುಂಚೆ ತಿಳಿದಿರಲಿ. ನಾಲ್ಕು ಮೀಟರಿನೊಳಗಿನ ಗಾಡಿ ಆದರೆ ಪೆಟ್ರೋಲ್ 1,200 ಸಿಸಿ ಒಳಗೆ, ಡೀಸೆಲ್ 1,500 ಸಿಸಿ ಒಳಗೆ ಇದ್ದರೆ ಶೇ 18. ಇದನ್ನು ದಾಟಿದರೆ ಶೇ 40. ಹಾಗಾಗಿ ನಾಲ್ಕು ಮೀಟರಿನೊಳಗೇ ಇದ್ದರೂ 1.5 ಲೀಟರ್ ಪೆಟ್ರೋಲ್ ಇರೋ ಬ್ರೆಝಾ ಶೇ 40ಕ್ಕೆ ಹೋಗುತ್ತೆ, 1.5 ಲೀಟರ್ ಡೀಸೆಲ್ ಇರೋ ನೆಕ್ಸಾನ್, ಸೊನೆಟ್ ಶೇ 18ರಲ್ಲೇ ಇರುತ್ತೆ. ಈ ತೆರಿಗೆ ಲಾಭ ನೋಡಿಯೇ ಸಣ್ಣ ಎಸ್‌ಯುವಿಯಲ್ಲಿ ಡೀಸೆಲ್ ಕಡೆ ವಾಲುವವರು ಇದ್ದಾರೆ. ನನ್ನ ಆತಂಕ ಅದೇ. ಸಣ್ಣ ಗಾಡಿ ತಗೊಳ್ಳೋದೇ ಊರೊಳಗಿನ ಸಣ್ಣ ಓಟಕ್ಕೆ, ಡಿಪಿಎಫ್ ಕಟ್ಟೋದೂ ಅದೇ ಓಟಕ್ಕೆ.

ಪೆಟ್ರೋಲಿಗೆ ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥೆನಾಲ್ ಸೇರಿದ ಪೆಟ್ರೋಲ್. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿದೇ ಇಳಿಯುತ್ತೆ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರ್ ಪೈಪು, ಸೀಲುಗಳು ಇದಕ್ಕೆ ಹೊಂದುವಂತೆ ಬಂದಿವೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಎಸ್‌ಯುವಿ ನೋಡುವವರು ಅದಕ್ಕಿಂತ ಹಳೇದಾದರೆ ಈ ವಿಷಯ ಕೇಳಿಯೇ ತಗೊಳ್ಳಿ. ಪಕ್ಕದ ಬೀದಿಯ ಗೆಳೆಯರೊಬ್ಬರು ಪೆಟ್ರೋಲ್ ಆಟೋಮ್ಯಾಟಿಕ್ ತಗೊಂಡು ಊರೊಳಗೆ 9 ಬರ್ತಿದೆ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಅವರು ಬಂಕಿಗೆ ಜಾಸ್ತಿ ಕೊಡ್ತಾರೆ ಅಷ್ಟೆ, ನಡುರಸ್ತೆಯಲ್ಲಿ ನಿಂತಿಲ್ಲ. ದುಡ್ಡು ಸ್ವಲ್ಪ ಜಾಸ್ತಿ ಹಾಕಬಲ್ಲವರಿಗೆ ಸ್ಟ್ರಾಂಗ್ ಹೈಬ್ರಿಡ್ ಇದೆ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟಿನ ಮೋಟಾರೂ ಇರೋದು. ಇನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ ಬರುತ್ತೆ. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬಿಕೊಂಡು ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡಿಕೊಂಡು ಮೆಲ್ಲಗೆ ಕರೆಂಟಿನಲ್ಲೇ ಹೋಗುತ್ತೆ. ನಿಂತು ನಿಂತು ಓಡೋ ನಮ್ಮೂರಿಗೆ ಹೇಳಿ ಮಾಡಿಸಿದ್ದು. ನಮ್ಮ ಮುಂದಿನ ಗಾಡಿ ಬಹುಶಃ ಅದೇ. ಎಲೆಕ್ಟ್ರಿಕ್ ವಿಷಯ ಇನ್ನೊಂದು ಪತ್ರಕ್ಕೆ ಆಗುವಷ್ಟಿದೆ, ಇಲ್ಲಿ ಬಿಡುತ್ತೇನೆ.

ಡೀಸೆಲ್ಲೇ ತಗೊಳ್ಳುವವರಿಗೆ ಇನ್ನೊಂದು ಮಾತು. ಕೆಲವು ಗಾಡಿಗಳಲ್ಲಿ ಹೊಗೆ ಶುದ್ಧ ಮಾಡೋಕೆ ಆಡ್‌ಬ್ಲೂ ಅಂತ ಬೇರೆ ಟ್ಯಾಂಕ್ ಇರುತ್ತೆ. ಶುದ್ಧ ನೀರಿನಲ್ಲಿ ಶೇ 32.5 ಯೂರಿಯಾ ಬೆರೆಸಿದ ದ್ರವ ಅದು. ಖಾಲಿ ಆಗುತ್ತಾ ಬಂದಾಗ ಮೀಟರಿನಲ್ಲಿ ಎಚ್ಚರಿಕೆ ಬರುತ್ತೆ, ಪೂರ್ತಿ ಖಾಲಿ ಆಗಿ ಆಫ್ ಮಾಡಿದರೆ ಗಾಡಿ ಮತ್ತೆ ಸ್ಟಾರ್ಟೇ ಆಗೋದಿಲ್ಲ. ಅದನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಹಾಕಿಬಿಟ್ಟರೆ ಮಾತ್ರ ದೊಡ್ಡ ಅನಾಹುತ, ಸ್ಟಾರ್ಟ್ ಕೂಡ ಮಾಡಬೇಡಿ, ಎಳೆಸಿಕೊಂಡೇ ಹೋಗಿ. ಹಾಗೇ ಡಿಪಿಎಫ್ ದೀಪ ಬಂದರೆ ಮನೆಗೆ ತಂದು ಆಫ್ ಮಾಡಬೇಡಿ. ಖಾಲಿ ರಸ್ತೆ ಹಿಡಿದು 60ಕ್ಕಿಂತ ಮೇಲೆ, 2,000 ಆರ್‌ಪಿಎಂ ಕೆಳಗೆ ಇಳಿಯದಂತೆ, ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ದೀಪ ಮಿನುಗುತ್ತಿದ್ದರೆ ಅಥವಾ ಜೊತೆಗೆ ಎಂಜಿನ್ ದೀಪವೂ ಇದ್ದರೆ ನೇರ ಸರ್ವಿಸ್ ಸೆಂಟರ್. ನಾವು ಈಗ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಆರಕ್ಕೆ ಕನಕಪುರ ರಸ್ತೆಯಲ್ಲಿ ನೈಸ್ ರಸ್ತೆ ಹತ್ತಿ, ಮಾಗಡಿ ರಸ್ತೆವರೆಗೆ ಹೋಗಿ ವಾಪಸ್ ಬರುತ್ತೇವೆ. ಟೋಲ್ ಕೊಟ್ಟು, ಡೀಸೆಲ್ ಸುಟ್ಟು, ಫಿಲ್ಟರಿಗೋಸ್ಕರ.

ಇದಕ್ಕೆ ಅಡ್ಡದಾರಿಯೂ ಇದೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ಡಿಪಿಎಫ್ ಒಳಗಿನ ಜಾಲರಿ ಒಡೆದು ತೆಗೆದು, ಕಂಪ್ಯೂಟರಿಗೆ ಸುಳ್ಳು ಹೇಳಿಸಿದರೆ ಆಯಿತು, ದೀಪವೂ ಬರಲ್ಲ, ಮೈಲೇಜೂ ಜಾಸ್ತಿ ಆಗುತ್ತೆ ಅಂದರು. ನಾನು ಅಲ್ಲಿಂದ ಎದ್ದು ಬಂದೆ. ಕಾನೂನಿಗೆ ವಿರುದ್ಧ ಅನ್ನೋದು ಒಂದು ಕಡೆ ಇರಲಿ. 2012ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಗಾಡಿ ದಿನಾ ಹೋಗಿ ನಿಲ್ಲೋದು ಸ್ಕೂಲಿನ ಗೇಟಿನ ಮುಂದೆ. ಒಂದನೇ ಕ್ಲಾಸಿನ ಮಗುವಿನ ಮೂಗು ಸೈಲೆನ್ಸರಿಗೆ ಎಷ್ಟು ಹತ್ತಿರ ಇರುತ್ತೆ, ಒಂದು ಸಲ ನಿಂತು ನೋಡಿ. ಅಲ್ಲಿ ನಿಂತು ಮಸಿ ಉಗುಳೋ ಗಾಡಿ ನನ್ನದಾಗಿರಬಾರದು.

ನನ್ನ ಕೋರಿಕೆ ಸಾರಿಗೆ ಇಲಾಖೆಗೆ, ಷೋರೂಮುಗಳಿಗೆ. ಡೀಸೆಲ್ ಕಾರಿನ ಬುಕಿಂಗ್ ಫಾರ್ಮಿನಲ್ಲಿ ಸಹಿ ಮಾಡೋ ಜಾಗದ ಮೇಲೆ, ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಎರಡು ಸಾಲು ಇರಲಿ. ಈ ಗಾಡಿಯಲ್ಲಿ ಡಿಪಿಎಫ್ ಇದೆ, ಬರೀ ಸಣ್ಣ ಸಣ್ಣ ಓಟಕ್ಕೆ ಬಳಸಿದರೆ ಕಟ್ಟಿಕೊಳ್ಳುತ್ತೆ, ಆ ಖರ್ಚು ವಾರಂಟಿಗೆ ಬರುತ್ತೋ ಇಲ್ಲವೋ ಅಂತ. ಮ್ಯಾನ್ಯುಯಲ್ಲಿನ ಎಚ್ಚರಿಕೆ ದೀಪಗಳ ಪುಟವಾದರೂ ಕನ್ನಡದಲ್ಲಿ ಕೊಡಿ. ನಮಗೆ ಕೊಟ್ಟ ದಪ್ಪ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಇಪ್ಪತ್ತು ವರ್ಷ ಘಾಟಿಯಲ್ಲಿ ಜೀಪ್ ಓಡಿಸಿದ ನಮ್ಮಪ್ಪ ಊರಿಂದ ಬಂದಾಗ ಈ ಗಾಡಿ ಓಡಿಸುತ್ತಾರೆ, ಅವರಿಗೆ ಓದೋಕೆ ಬರೋದು ಕನ್ನಡ ಮಾತ್ರ. ಆ ದೀಪಗಳ ಅರ್ಥವನ್ನು ನಾನೇ ಒಂದು ಹಾಳೆಯಲ್ಲಿ ಚಿತ್ರ ಸಮೇತ ಬರೆದು ಡ್ಯಾಷ್ ಬೋರ್ಡಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಇನ್ನೂ ಬುಕ್ ಮಾಡದವರು ಎರಡು ವಾರ ತಾಳಿ. ಈಗಿರೋ ಗಾಡಿಯಲ್ಲೋ ಸ್ಕೂಟರಿನಲ್ಲೋ ಮನೆಯವರು ಎಲ್ಲೆಲ್ಲಿಗೆ ಹೋದರು, ಒಂದೊಂದು ಸಲ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ, ಬರೆದಿಡಿ. ಬಹುಪಾಲು ಓಟ ಐದಾರು ಕಿಲೋಮೀಟರಿಗೆ ನಿಂತುಹೋಗಿದ್ದರೆ ಪೆಟ್ರೋಲ್ ತಗೊಳ್ಳಿ. ವಾರದಲ್ಲಿ ಎರಡು ಮೂರು ಸಲವಾದರೂ ಅರ್ಧ ಗಂಟೆ ಬಿಡುಬೀಸಾಗಿ ಓಡುತ್ತೆ ಅಂತಾದರೆ ಆಗ ಡೀಸೆಲ್ ಯೋಚನೆ ಮಾಡಿ.

ಈ ಪತ್ರ ಅಚ್ಚಾದರೆ ಆ ಪುಟ ತಗೊಂಡು ಪಕ್ಕದ ಮನೆಗೆ ಹೋಗುತ್ತೇನೆ. ಅವರ ಗಾಡಿ ಬಂದು ವಾರವಷ್ಟೇ ಆಗಿದೆ, ಫಿಲ್ಟರ್ ಇನ್ನೂ ಹೊಸದು. ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಜೊತೆ ಅವರೂ ನೈಸ್ ರಸ್ತೆಗೆ ಬರಬಹುದು.

ಇತಿ ನಿಮ್ಮ ಓದುಗ,
ಉತ್ತರಹಳ್ಳಿ, ಬೆಂಗಳೂರು